ನೇತ್ರಾಣಿಗೆ ಹೊರಟ್ರಾ? ಮೊದಲು ಹಲ್ಲು ತೋರಿಸಿಕೊಳ್ಳಿ

ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಕಡೆಯವರಿಗೆ ಈಜು ಅಂದ್ರೆ ತೋಟದ ಬಾವಿ, ಕೆರೆ. ಹಗರಿಬೊಮ್ಮನಹಳ್ಳಿ, ಹಡಗಲಿಯವರಿಗೆ ತುಂಗಭದ್ರೆ ಇದ್ದಾಳೆ. ಸಮುದ್ರ ಮಾತ್ರ ನಮಗೆಲ್ಲ ದೂರ. ಅದಕ್ಕೇ ಕಳೆದ ಡಿಸೆಂಬರ್‌ನಲ್ಲಿ ತಾಲ್ಲೂಕಿಗೊಬ್ಬರಂತೆ ಐದು ಜನ ಗೆಳೆಯರು ಒಂದೇ ಕಾರಿನಲ್ಲಿ ಹೊರಟೆವು. ಹರಿಹರ, ಶಿವಮೊಗ್ಗ, ಸಾಗರ ದಾಟಿ ಮುರುಡೇಶ್ವರ. ಅಲ್ಲಿಂದ ಬೋಟ್‌ನಲ್ಲಿ ಒಂದೂವರೆ ಗಂಟೆ ಹೋದರೆ ನೇತ್ರಾಣಿ ದ್ವೀಪ. ಸ್ಕೂಬಾ ಡೈವಿಂಗ್‌ಗೆ ಹೆಸರಾದ ಜಾಗ.

ಕೊಟ್ಟೂರಿನ ಗೆಳೆಯ ಆಗಷ್ಟೇ ರೂಟ್ ಕೆನಾಲ್ ಶುರು ಮಾಡಿಸಿದ್ದ. ಹಲ್ಲಿಗೆ ತಾತ್ಕಾಲಿಕವಾಗಿ ಸಿಮೆಂಟ್ ತುಂಬಿದ್ದರು. 'ನೋವು ಹೋಗೈತಲ್ಲ, ಉಳಿದಿದ್ದು ಬಂದಮ್ಯಾಲೆ ನೋಡಿದ್ರಾತು' ಅಂದಿದ್ದ. ಬೋಟ್ ಹತ್ತುವ ಮುಂಚೆ ಕಿವಿ, ಅಸ್ತಮಾ, ಬಿಪಿ ಬಗ್ಗೆ ಹೇಳಿದೆವು. ಹಲ್ಲಿನ ವಿಷಯ ಅವನೂ ಹೇಳಲಿಲ್ಲ, ನಮಗೂ ಹೊಳೆಯಲಿಲ್ಲ.

ಐದಾರು ಮೀಟರ್ ಇಳಿದಿದ್ದನಷ್ಟೆ, ದವಡೆಗೆ ಮೊಳೆ ಹೊಡೆದಂಗಾಯ್ತಂತೆ. ಬಾಯಲ್ಲಿ ಉಸಿರಾಟದ ಮೌತ್‌ಪೀಸ್, ಅಯ್ಯೋ ಅನ್ನೋ ಹಾಗೂ ಇಲ್ಲ. ಗಾಬರಿಯಲ್ಲಿ ಮೇಲಕ್ಕೆ ಚಿಮ್ಮಲು ನೋಡಿದ. ಜೊತೆಗಿದ್ದ ತರಬೇತುದಾರರು ಹಿಡಿದು, ಉಸಿರಾಡುತ್ತಲೇ ಇರುವಂತೆ ಸನ್ನೆ ಮಾಡುತ್ತಾ ನಿಧಾನಕ್ಕೆ ಮೇಲೆ ತಂದರು. ಉಸಿರು ಬಿಗಿಹಿಡಿದು ದಿಢೀರನೆ ಮೇಲೆ ಬಂದರೆ ಶ್ವಾಸಕೋಶಕ್ಕೇ ಪೆಟ್ಟು. ಹಲ್ಲುನೋವಿಗಿಂತ ಆ ಗಾಬರಿಯೇ ದೊಡ್ಡ ಅಪಾಯ.

ಯಾಕೆ ಹೀಗಾಯ್ತು? ನೀರಿನಲ್ಲಿ 10 ಮೀಟರ್ ಇಳಿದರೆ ಒತ್ತಡ ಎರಡರಷ್ಟಾಗುತ್ತದೆ, ಗಾಳಿ ಅರ್ಧಕ್ಕೆ ಕುಗ್ಗುತ್ತದೆ. ಹುಳುಕು ಹಲ್ಲು, ಸಡಿಲ ಫಿಲ್ಲಿಂಗ್, ಅರ್ಧಕ್ಕೇ ನಿಂತ ಚಿಕಿತ್ಸೆ ಇದ್ದಲ್ಲಿ ಗಾಳಿ ಸಿಕ್ಕಿಕೊಂಡಿರಬಹುದು. ಅದು ಇಳಿಯುವಾಗ ಕುಗ್ಗಿ, ಏರುವಾಗ ಹಿಗ್ಗಿ ನೋವು ಕೊಡುತ್ತದೆ. ಕೆಲವೊಮ್ಮೆ ಫಿಲ್ಲಿಂಗ್ ಕಿತ್ತುಬರುತ್ತದೆ, ಹಲ್ಲೇ ಸೀಳುವುದೂ ಉಂಟು. ವೈದ್ಯರು ಈ ನೋವನ್ನು ಬ್ಯಾರೊಡಾಂಟಾಲ್ಜಿಯಾ ಅನ್ನುತ್ತಾರೆ. ಎರಡನೇ ಮಹಾಯುದ್ಧದಲ್ಲಿ ವಿಮಾನ ಹಾರಿಸುತ್ತಿದ್ದವರನ್ನೂ ಇದು ಕಾಡಿತ್ತು.

ನಮ್ಮ ಕಡೆ ಇನ್ನೊಂದು ತೊಂದರೆ. ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಎಷ್ಟೋ ಜನರ ಹಲ್ಲಿನ ಮೇಲೆ ಕಂದು ಕಲೆ. 'ನೀರಿನ ದೋಷ ಬಿಡು' ಅಂತ ಹುಳುಕನ್ನೂ ಅದೇ ಲೆಕ್ಕಕ್ಕೆ ಸೇರಿಸಿಬಿಡ್ತೀವಿ. ಕಲೆ ಬೇರೆ, ತೂತು ಬೇರೆ. ಕನ್ನಡಿಯಲ್ಲಿ ಎಲ್ಲವೂ ಕಾಣಲ್ಲ, ದಂತವೈದ್ಯರೇ ನೋಡಬೇಕು.

ಹಾಗಾಗಿ ಬುಕಿಂಗ್ ಮಾಡುವ ಮೊದಲೇ ಹಲ್ಲು ತೋರಿಸಿ, ಡೈವಿಂಗ್‌ಗೆ ಹೋಗ್ತಿದ್ದೀನಿ ಅಂತ ಬಾಯಿಬಿಟ್ಟು ಹೇಳಿ. ಶುರುವಾದ ಚಿಕಿತ್ಸೆ ಮುಗಿಸಿಯೇ ಹೊರಡಿ. ಹಲ್ಲು ಕೀಳಿಸಿದ್ದರೆ ಗಾಯ ಮಾಯುವವರೆಗೆ ಕಾಯಿರಿ. ನೆಗಡಿಯಿದ್ದರೆ ಇಳಿಯಬೇಡಿ, ಸೈನಸ್ ಕಟ್ಟಿಕೊಂಡರೂ ಮೇಲಿನ ಹಲ್ಲು ನೋಯುತ್ತೆ. ಮೌತ್‌ಪೀಸನ್ನು ಗಟ್ಟಿಯಾಗಿ ಕಚ್ಚಬೇಡಿ, ದವಡೆ ಹಿಡಿದುಕೊಳ್ಳುತ್ತೆ. ನೀರೊಳಗೆ ನೋವು ಬಂದರೆ ತಕ್ಷಣ ಸನ್ನೆ ಮಾಡಿ, ನಾಚಿಕೆ ಬೇಡ.

ಅವತ್ತು ನಾವು ನಾಲ್ವರು ಹವಳ, ಬಣ್ಣದ ಮೀನು ನೋಡಿ ಬಂದರೆ, ಅವನು ದವಡೆ ಹಿಡಿದುಕೊಂಡು ಬೋಟ್‌ನಲ್ಲೇ ಕೂತಿದ್ದ. ಊರಿಗೆ ಬಂದವನೇ ಚಿಕಿತ್ಸೆ ಮುಗಿಸಿ ಹಲ್ಲಿಗೆ ಕ್ಯಾಪ್ ಹಾಕಿಸಿದ. ಮಳೆಗಾಲ ಕಳೆದ ಮೇಲೆ ಮತ್ತೆ ಹೋಗೋಣ ಅಂತಿದ್ದಾನೆ. ಈ ಸಲ ಐದೂ ಜನರ ಹಲ್ಲು ತೋರಿಸಿಕೊಂಡೇ ಹೊರಡೋದು.