ಚಿಕ್ಕ ಮನೆಗೆ ಬಂದ ದೊಡ್ಡ ಹಬ್ಬ

ಡಿಸೆಂಬರ್ ತಿಂಗಳ ಸಂಜೆ ಮೇಖ್ರಿ ವೃತ್ತವನ್ನು ದಾಟಿ ಬಳ್ಳಾರಿ ರಸ್ತೆಯಲ್ಲಿ ಉತ್ತರಾಭಿಮುಖವಾಗಿ ಸಾಗುವವರಿಗೆ, ಹೆಬ್ಬಾಳದ ಕೆರೆ ಕಾಣುವ ಮೊದಲೇ ಅದರ ಮೇಲಿಂದ ಬೀಸುವ ಕುಳಿರ್ಗಾಳಿಯ ಪರಿಚಯವಾಗುತ್ತದೆ. ಮೇಲ್ಸೇತುವೆಯ ಎತ್ತರದಿಂದ ನೋಡಿದರೆ ಬಹುಮಹಡಿಯ ಕಟ್ಟಡಗಳ ಬಾಲ್ಕನಿಗಳಲ್ಲಿ ಅಲ್ಲೊಂದು ಇಲ್ಲೊಂದು ಕಾಗದದ ನಕ್ಷತ್ರ ತೂಗುತ್ತಿರುತ್ತದೆ. ಒಳಗಿನ ದೀಪದಿಂದ ಒಂದು ಕೆಂಪಗೆ, ಮತ್ತೊಂದು ಹಳದಿಯಾಗಿ ಬೆಳಗುತ್ತದೆ. ಆ ಮನೆಗಳಲ್ಲಿ ಕ್ರಿಸ್‌ಮಸ್ ಹಬ್ಬದ ಸಿದ್ಧತೆ ನಡೆದಿದೆಯೆಂದು ಬೇರೆ ಹೇಳಬೇಕಾಗಿಲ್ಲ.

ಇವುಗಳಲ್ಲಿ ಎಷ್ಟೋ ಮನೆಗಳ ಹಬ್ಬ ಹಿಂದೆ ನಡೆಯುತ್ತಿದ್ದುದು ಬೇರೆ ಬಗೆಯ ಮನೆಗಳಲ್ಲಿ. 1898ರ ಪ್ಲೇಗಿನ ಹಾವಳಿಯ ತರುವಾಯ ದಂಡಿನ ಜನಸಂದಣಿಯನ್ನು ತಗ್ಗಿಸಲು ಫ್ರೇಜರ್ ಟೌನ್ ಹುಟ್ಟಿತು. ಅದರ ನೆರೆಯಲ್ಲಿ ಕುಕ್ ಟೌನ್, ಕಾಕ್ಸ್ ಟೌನ್, ರಿಚರ್ಡ್ಸ್ ಟೌನ್‌ಗಳು ಬೆಳೆದವು. ಹೆಂಚಿನ ಮಾಡು, ಎತ್ತರದ ಚಾವಣಿ, ಮರದ ಪಟ್ಟಿಯ ಜಾಲರಿಯಿದ್ದ ವರಾಂಡ, ಹಿಂದೆ ಸೀಬೆ ಮರದ ಹಿತ್ತಲು—ಇವು ಅಲ್ಲಿಯ ಮನೆಗಳ ಲಕ್ಷಣ. ಕಾಲಕ್ರಮದಲ್ಲಿ ನೆಲದ ಬೆಲೆ ಏರಿತು. ಮನೆಗಳು ಮಕ್ಕಳಲ್ಲಿ ಪಾಲಾದವು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಹೆಬ್ಬಾಳದಿಂದ ಯಲಹಂಕದವರೆಗೂ ಫ್ಲಾಟುಗಳು ಸಾಲುಗಟ್ಟಿದವು. ಹಳೆಯ ಮನೆಯನ್ನು ಬಿಟ್ಟವರಲ್ಲಿ ಅನೇಕರು ಇತ್ತ ಬಂದರು.

ಬಂದ ಸ್ಥಳವೇನೋ ನಿನ್ನೆ ಮೊನ್ನೆಯದಲ್ಲ. ಸುಮಾರು ಕ್ರಿ.ಶ. 750ರ ಕಿತ್ತಯ್ಯನ ಶಾಸನ ಹೆಬ್ಬಾಳದಲ್ಲಿಯೇ ದೊರಕಿದೆ. ಯಲಹಂಕವಂತೂ ಕೆಂಪೇಗೌಡರ ವಂಶದ ನೆಲೆ. ಹೊಸದೆಂದರೆ ಮನೆಯ ಅಳತೆ ಮಾತ್ರ. ಮಂಚ, ಬೀರು, ಊಟದ ಮೇಜುಗಳಿಗೆ ಹೇಗೋ ಜಾಗ ಹೊಂದಿಸಬಹುದು. ಹಬ್ಬದ ಸಾಮಾನು ತುಂಬಿದ ತಗಡಿನ ಟ್ರಂಕು ನಡುಮನೆಗೆ ಬಂದಾಗಲೇ ನಿಜವಾದ ತೊಡಕು.

ಈ ತೊಡಕು ಕ್ರೈಸ್ತರಿಗೆ ಮಾತ್ರ ಬಂದದ್ದಲ್ಲ. ದಸರೆಯ ಗೊಂಬೆಗಳನ್ನು 9 ಮೆಟ್ಟಿಲುಗಳಿಂದ 3 ಮೆಟ್ಟಿಲುಗಳಿಗೆ ಇಳಿಸಿದ ಗೃಹಿಣಿಯರಿಗೆ ಇದರ ಸಂಕಟ ಚೆನ್ನಾಗಿ ತಿಳಿದಿದೆ. ಪಟ್ಟದ ಗೊಂಬೆಯನ್ನು ಬಿಡುವಂತಿಲ್ಲ. ಉಳಿದವುಗಳಲ್ಲಿ ಯಾವುದನ್ನು ಬಿಡುವುದು?

ಮೊದಲು ಮರದ ವಿಚಾರ. ಹಿಂದೆ ಬೆಂಗಳೂರಿನ ಸುತ್ತ ಸೌದೆಗಾಗಿ ಸರ್ವೆಯ ತೋಪುಗಳನ್ನು ಬೆಳೆಸುತ್ತಿದ್ದರು. ಹಬ್ಬಕ್ಕೆ ಅದರದೇ ಕೊಂಬೆ ಕ್ರಿಸ್‌ಮಸ್ ಮರವಾಗುತ್ತಿತ್ತು. 14 ಅಡಿ ಎತ್ತರದ ಚಾವಣಿಯ ಕೆಳಗೆ 8 ಅಡಿಯ ಕೊಂಬೆ ಗಂಭೀರವಾಗಿ ನಿಲ್ಲುತ್ತಿತ್ತು. ಫ್ಲಾಟಿನಲ್ಲಿ ಅದೇ ಕೊಂಬೆ ಪಂಖದ ರೆಕ್ಕೆಗೆ ತಾಗುತ್ತದೆ. ಅದಕ್ಕೆ ಬದಲಾಗಿ ಈಗ ಹಲವರು ಕುಂಡದಲ್ಲಿ ಅರೌಕೇರಿಯದ ಸಸಿಯನ್ನು ತರುತ್ತಾರೆ. ಪೆಸಿಫಿಕ್ ಸಾಗರದ ದ್ವೀಪಗಳಿಂದ ಬಂದ ಈ ಜಾತಿಯ ಮುಗಿಲೆತ್ತರದ ಮರಗಳನ್ನು ಲಾಲ್‌ಬಾಗಿನಲ್ಲಿ ನೋಡಬಹುದು. ಕುಂಡದಲ್ಲಾದರೆ ಅದು ನಿಧಾನವಾಗಿ ಬೆಳೆಯುತ್ತದೆ. ವರ್ಷವಿಡೀ ಬಾಲ್ಕನಿಯ ಬೆಳಕಿನಲ್ಲಿದ್ದು, ಹಬ್ಬದ ವಾರ ಒಳಗೆ ಬಂದು, ಮತ್ತೆ ಹೊರಗೆ ಹೋಗುತ್ತದೆ. ಎಳೆಯ ಕೊಂಬೆಗಳು ಭಾರವನ್ನು ತಡೆಯಲಾರವಾದ್ದರಿಂದ ಗಾಜಿನ ದೊಡ್ಡ ಗೋಲಗಳನ್ನು ಬಿಟ್ಟು, ಹಗುರವಾದ ಕಾಗದದ ಹೂ, ಜರಿಯ ಎಳೆಗಳನ್ನಷ್ಟೇ ಕಟ್ಟುವುದು ಲೇಸು.

ಅನಂತರ ಗೋದಲಿ. 1223ರಲ್ಲಿ ಇಟಲಿಯ ಗ್ರೆಚ್ಚೋ ಎಂಬ ಊರಿನಲ್ಲಿ ಸಂತ ಫ್ರಾನ್ಸಿಸ್ಸರು ಜೀವಂತ ಎತ್ತು ಕತ್ತೆಗಳನ್ನು ನಿಲ್ಲಿಸಿ ಯೇಸುವಿನ ಜನನದ ದೃಶ್ಯವನ್ನು ಜನರಿಗೆ ತೋರಿಸಿದರು. ಆ ಸಂಪ್ರದಾಯ ಕನ್ನಡ ನಾಡಿಗೆ ಬಂದು ಮಣ್ಣಿನ ಗೊಂಬೆಗಳ ರೂಪವನ್ನು ತಾಳಿತು. ವರಾಂಡದ ಒಂದು ಮೂಲೆಯನ್ನೆಲ್ಲ ತುಂಬುತ್ತಿದ್ದ ಬೆಟ್ಟ, ಬಾವಿ, ಕುರಿಮಂದೆಗಳು ಈಗ ಪುಸ್ತಕದ ಕಪಾಟಿನ ಒಂದೇ ಹಲಗೆಗೆ ಇಳಿಯಬೇಕು. ಹತ್ತಿಯ ಹಿಮವನ್ನು ಬಿಡಬಹುದು. ಬೆಂಗಳೂರಿನ ಚಳಿಗೆ ಹಿಮದ ಹಂಗಿಲ್ಲ. ಆದರೆ ಹಬ್ಬಕ್ಕೆ ಹತ್ತು ದಿನ ಮೊದಲು ತಟ್ಟೆಯಲ್ಲಿ ರಾಗಿ ಚೆಲ್ಲಿ ನೀರು ಚಿಮುಕಿಸಿದರೆ, 24ರ ರಾತ್ರಿಯ ಹೊತ್ತಿಗೆ ಬಾಲಯೇಸುವಿನ ಸುತ್ತ ನಮ್ಮ ನಾಡಿನದೇ ಹಸಿರು ನಿಂತಿರುತ್ತದೆ. ಅದಕ್ಕೆ ಬೇಕಾದದ್ದು ಒಂದು ಹಿಡಿ ಕಾಳು, ಒಂದು ಗೇಣು ಜಾಗ.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ: ಗೋದಲಿ ಯಾರ ಮನೆಗೆ? ಓದುಗರು ಒಂದು ಸಂಸಾರವನ್ನು ಕಲ್ಪಿಸಿಕೊಳ್ಳಬಹುದು. ಹಳೆಯ ಮನೆ ಮಾರಾಟವಾಗಿದೆ. ತಾಯಿ ಹೆಬ್ಬಾಳದ ಚಿಕ್ಕ ಫ್ಲಾಟಿನಲ್ಲಿದ್ದಾಳೆ, ಮಕ್ಕಳು ಆರ್.ಟಿ. ನಗರ, ಯಶವಂತಪುರ, ಯಲಹಂಕಗಳಲ್ಲಿ ನೆಲಸಿದ್ದಾರೆ. ಮನೆಯ ಹಣ ಪಾಲಾದಂತೆ ಗೊಂಬೆಗಳೂ ಪಾಲಾಗಲೆಂದು ಒಬ್ಬ ಮಗ ಸೂಚಿಸುತ್ತಾನೆ. ಆದರೆ ಮಾತೆ ಮರಿಯಮ್ಮನನ್ನು ಒಂದು ಮನೆಗೂ ಕೂಸನ್ನು ಇನ್ನೊಂದು ಮನೆಗೂ ಕಳುಹಿಸಲು ಯಾವ ತಾಯಿ ಒಪ್ಪಾಳು?

ಇಂಥ ಕಡೆ ಸಂಪ್ರದಾಯವೇ ದಾರಿ ತೋರುತ್ತದೆ. ಮೂಡಣದ ಮೂವರು ರಾಜರು ಗೋದಲಿಯನ್ನು ತಲುಪುವುದು ಜನವರಿ 6ರಂದು. ಅಲ್ಲಿಯವರೆಗೆ ಅವರು ದಾರಿಯಲ್ಲಿರಬೇಕಾದವರೇ! ಗೋದಲಿ ತಾಯಿಯ ಬಳಿ ಇರಲಿ. ಒಬ್ಬೊಬ್ಬ ರಾಜ ಒಬ್ಬೊಬ್ಬ ಮಗನ ಮನೆಯಲ್ಲಿರಲಿ. 6ರ ಸಂಜೆ ಮೂವರನ್ನೂ ಮೊಮ್ಮಕ್ಕಳು ಅಂಗೈಯಲ್ಲಿ ಹಿಡಿದು ಹೆಬ್ಬಾಳಕ್ಕೆ ತರಲಿ. ಪಾಲು ಮಾಡಿದಂತೆಯೂ ಆಯಿತು. ವರ್ಷಕ್ಕೊಮ್ಮೆ ಎಲ್ಲರೂ ಕೂಡುವುದಕ್ಕೆ ನೆಪವೂ ದೊರೆಯಿತು.

ಕಳೆಗುಂದಿದ ಸಾಮಾನನ್ನು ಹೊಸದು ಮಾಡಲು ಶಿವಾಜಿನಗರದವರೆಗೆ ಹೋಗಿಬಂದರೆ ಸಾಕು. 1927ರಲ್ಲಿ ಕಟ್ಟಿದ ರಸಲ್ ಮಾರ್ಕೆಟ್ಟಿನ ಸುತ್ತಲ ಅಂಗಡಿಗಳಲ್ಲಿ ಡಿಸೆಂಬರಿನಲ್ಲಿ ನಕ್ಷತ್ರಗಳ ಸುಗ್ಗಿ. ಕಾಗದ ಹರಿದಿದ್ದರೆ ಹೊಸ ನಕ್ಷತ್ರ ಕೊಳ್ಳಬಹುದು. ಗೊಂಬೆಯ ಬಣ್ಣ ಮಾಸಿದ್ದರೆ ಮನೆಯಲ್ಲೇ ಕುಂಚ ಹಿಡಿಯಬಹುದು. ಆದರೆ ಅಜ್ಜನ ಕಾಲದ ಕುರುಬನ ಮುರಿದ ಕೋಲಿಗೆ ಬೆಂಕಿಕಡ್ಡಿ ಅಂಟಿಸಿದ್ದರೆ, ಅದನ್ನು ಹಾಗೆಯೇ ಬಿಡುವುದೊಳ್ಳೆಯದು. ಯಾರು ಅಂಟಿಸಿದರು, ಯಾವ ವರ್ಷ ಎಂಬುದನ್ನು ಮಕ್ಕಳು ಕೇಳಿಯೇ ಕೇಳುತ್ತಾರೆ.