ಬಯಲಿಗೆ ಮೊದಲು ಬಾಗಿಲು ತೆರೆಯಿರಿ

2020ರ ಜೂನ್ 8, ಸೋಮವಾರ, ಬೆಳಿಗ್ಗೆ ಎಂಟೂವರೆ. ಮೈಸೂರಿನ ಶ್ರೀ ಚಾಮರಾಜೇಂದ್ರ ಮೃಗಾಲಯದ ಟಿಕೆಟ್ ಕೌಂಟರಿನ ಮುಂದೆ ನಿಂತಿದ್ದೀರಿ. ಕೊರೊನಾದ ಕಾರಣಕ್ಕೆ ಮಾರ್ಚ್ 15ರಂದು ಮುಚ್ಚಿದ ಗೇಟು ಇವತ್ತು ತೆರೆದಿದೆ. ನಿಮಗೂ ಮುಂದಿನವರಿಗೂ ಆರಡಿ ಅಂತರ. ಹಾಗಾಗಿ ಸಾಲು ಉದ್ದ, ಜನ ಕಡಿಮೆ. ಹಿಂದಿದ್ದವರು ಅರಿವಿಲ್ಲದೆ ಒಂದು ಹೆಜ್ಜೆ ಮುಂದೆ ಬರುತ್ತಾರೆ. "ಸಾರ್, ಒಸಿ ಹಿಂದಕ್ ನಿಂತ್ಕಳಿ" ಎಂದು ಕಾವಲಿನವರು ಕೂಗುತ್ತಾರೆ. ಮಾಸ್ಕಿನೊಳಗಿಂದ ಬಂದ ಮಾತು ಅರ್ಧ ಕೇಳಿಸುತ್ತದೆ, ಕೈಸನ್ನೆ ಪೂರ್ತಿ ಅರ್ಥವಾಗುತ್ತದೆ.

ಹಣೆಗೆ ಥರ್ಮಲ್ ಸ್ಕ್ಯಾನರ್ ಹಿಡಿಯುತ್ತಾರೆ. ಅಂಗೈಗೆ ಸ್ಯಾನಿಟೈಸರ್ ಬೀಳುತ್ತದೆ. ಚಪ್ಪಲಿ ಸಮೇತ ಔಷಧಿ ನೀರು ತುಳಿದು ಒಳಗೆ ಹೋಗಬೇಕು. ಈ ನೀರು ಮೃಗಾಲಯಕ್ಕೆ ಹೊಸದಲ್ಲ. 2017ರ ಜನವರಿಯಲ್ಲಿ ಇಲ್ಲಿನ ಹಕ್ಕಿಗಳಿಗೆ ಎಚ್5ಎನ್8 ಹಕ್ಕಿಜ್ವರ ಬಂದಾಗ ಒಂದು ತಿಂಗಳು ಬಾಗಿಲು ಹಾಕಿ, ಎಲ್ಲವನ್ನೂ ತೊಳೆದು, ಪರೀಕ್ಷೆ ಮಾಡಿಸಿ ಮತ್ತೆ ತೆರೆದಿದ್ದರು. ಮುಚ್ಚುವುದೂ ತೆರೆಯುವುದೂ ಇಲ್ಲಿನ ಸಿಬ್ಬಂದಿಗೆ ಗೊತ್ತಿದ್ದ ಕೆಲಸವೇ. ಈ ಸಲ ಬದಲಾಗಿರುವುದು ಭಯದ ದಿಕ್ಕು. ಆಗ ಪ್ರಾಣಿಯಿಂದ ಮನುಷ್ಯನಿಗೆ ತಗಲೀತೆಂಬ ಅಂಜಿಕೆ. ಈಗ ಮನುಷ್ಯನಿಂದ ಪ್ರಾಣಿಗೂ ತಗಲೀತೆಂಬ ಅಂಜಿಕೆ. ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದ ನಾಡಿಯಾ ಎಂಬ ಹುಲಿಗೆ ಸೋಂಕು ತಗಲಿತ್ತು. ಆ ಸುದ್ದಿ ಬಂದ ಮೇಲೆ ದೇಶದ ಮೃಗಾಲಯಗಳಿಗೆಲ್ಲ ಎಚ್ಚರಿಕೆಯ ಸೂಚನೆ ಹೋಗಿದೆ.

ಒಳಗೆ ಬಂದಿರಿ. ಜಿರಾಫೆ ಎಂದಿನಂತೆ ಸೊಪ್ಪು ಮೆಲ್ಲುತ್ತಿದೆ. ಆದರೆ ಏನೋ ಕೊರತೆ. ಕಿವಿಗೊಟ್ಟರೆ ತಿಳಿಯುತ್ತದೆ: ಮಕ್ಕಳ ಗದ್ದಲವಿಲ್ಲ. ಹತ್ತು ವರ್ಷದೊಳಗಿನವರು, 65 ದಾಟಿದವರು ಮನೆಯಲ್ಲೇ ಇರಲಿ ಎಂಬುದು ಸರ್ಕಾರದ ಸಲಹೆ. ಮೊಮ್ಮಗನೂ ಇಲ್ಲದ, ಅಜ್ಜಿಯೂ ಇಲ್ಲದ ಮೃಗಾಲಯ. ಮರಗಳ ಕೆಳಗೆ ನಡೆಯುತ್ತೀರಿ. ಗಾಳಿ ಬೀಸುತ್ತಿದೆ, ಎದುರಿಗೆ ಬರುವವರಿಲ್ಲ, ದಾರಿ ಅಗಲವಾಗಿದೆ. ಇಲ್ಲಿ ಹೆದರಬೇಕಾದದ್ದು ಹೆಚ್ಚೇನೂ ಇಲ್ಲ. ಜನ ಒತ್ತಾಗುವ ಜಾಗಗಳು ಬೇರೆ: ಟಿಕೆಟ್ ಕಿಟಕಿ, ಕುಡಿಯುವ ನೀರಿನ ನಲ್ಲಿ, ಶೌಚಾಲಯ, ಕ್ಯಾಂಟೀನು, ಎಲ್ಲರೂ ಒಟ್ಟಿಗೆ ಬಗ್ಗಿ ನೋಡುವ ಹುಲಿಯ ಆವರಣದ ಕಟಕಟೆ. ಇಡೀ ತೋಟದ ಅಪಾಯ ಈ ನಾಲ್ಕೈದು ಕಡೆ ಗುಡ್ಡೆ ಬಿದ್ದಿದೆ. ಕಾವಲಿಗೆ ಹತ್ತು ಜನ ಸಿಕ್ಕರೆ ಒಂಬತ್ತು ಜನರನ್ನು ಇಲ್ಲಿ ನಿಲ್ಲಿಸಬೇಕು.

ಈಗ ಅದೇ ಸಂಜೆ ತಮಿಳುನಾಡಿನ ತಾಳವಾಡಿ ಬೆಟ್ಟದ ಜೀರಹಳ್ಳಿಗೆ ಬನ್ನಿ. ಬರುವುದು ಸುಲಭವಲ್ಲ. ಚಾಮರಾಜನಗರ ದಾಟಿದ ಮೇಲೆ ರಾಜ್ಯದ ಗಡಿ, ಚೆಕ್‌ಪೋಸ್ಟ್, ಇ-ಪಾಸ್. ತಾಳವಾಡಿ ಬೆಟ್ಟದ ಊರುಗಳು ಮಾತಿನಲ್ಲಿ ಕನ್ನಡ, ಕಾಗದದಲ್ಲಿ ಈರೋಡು ಜಿಲ್ಲೆ. ಸಂತೆಗೂ ಬೀಗರ ಮನೆಗೂ ಹತ್ತಿರ ಚಾಮರಾಜನಗರ. ಆದೇಶ ಬರುವುದು ಚೆನ್ನೈನಿಂದ. ಜಿಲ್ಲಾಧಿಕಾರಿ ಕಚೇರಿಗೆ ದಿಂಬಂ ಘಾಟಿಯ 27 ತಿರುವು ಇಳಿದು ಹೋಗಬೇಕು. ಕರ್ನಾಟಕದಲ್ಲಿ ಜೂನ್ ಎರಡನೇ ವಾರದವರೆಗೂ ಒಂದೂ ಪ್ರಕರಣ ಕಾಣದೆ ಉಳಿದ ಜಿಲ್ಲೆ ಚಾಮರಾಜನಗರವೊಂದೇ. ಈರೋಡಾದರೋ ಮಾರ್ಚ್‌ನಲ್ಲೇ ಸೋಂಕು ಕಂಡು, ದೇಶದಲ್ಲಿ ಮೊದಲು ಬಂದ್ ಮಾಡಿದ 75 ಜಿಲ್ಲೆಗಳ ಪಟ್ಟಿಯಲ್ಲಿತ್ತು. ಆ ಪಟ್ಟಿಯ ಬಿಸಿ ಘಾಟಿ ಹತ್ತಿ ಈ ಬೆಟ್ಟಕ್ಕೂ ಬಂದಿತ್ತು.

ಊರಿನ ಆಟದ ಬಯಲಿನಲ್ಲಿ ನಿಲ್ಲಿ. ಸಂಜೆ ಐದು. ಕಾಡಿನ ಕಡೆಯಿಂದ ಬರುವ ಗಾಳಿಗೆ ಅಂಗಿ ಮೈಗೆ ಅಂಟುತ್ತದೆ. ಕಂಬಗಳಿವೆ, ವಾಲಿಬಾಲ್ ನೆಟ್ ಇಲ್ಲ; ಯಾರದೋ ಮನೆಯ ಅಟ್ಟ ಸೇರಿದೆ. ತಮಿಳುನಾಡಿನಲ್ಲಿ 144ನೇ ಸೆಕ್ಷನ್ ಜಾರಿಯಲ್ಲಿದೆ, ಐದಕ್ಕಿಂತ ಹೆಚ್ಚು ಜನ ಸೇರುವಂತಿಲ್ಲ. ವಾಲಿಬಾಲಿಗೆ ಹನ್ನೆರಡು ಜನ ಬೇಕು.

ಹುಡುಗರೆಲ್ಲ ಎಲ್ಲಿ ಹೋದರು? ಕಟ್ಟೆಯ ಮೇಲೆ ಕುಂತ ಹಿರಿಯರನ್ನು ಕೇಳಿ. "ಬಯಲಲ್ ಆಡ್ಬ್ಯಾಡಿ ಅಂದ್ರಲ್ಲ ಸ್ವಾಮಿ, ಒಳಕ್ ಹೋಗಿ ಕುಂತವ್ರೆ" ಎಂದು ಒಂದು ಮನೆಯ ಕಡೆ ಗದ್ದ ತೋರಿಸುತ್ತಾರೆ. ಬಗ್ಗಿ ನೋಡಿ. ಒಂದೇ ಕಿಟಕಿಯ ಕೋಣೆ, ಅದೂ ಮುಚ್ಚಿದೆ; ಪೊಲೀಸರಿಗೆ ಕಾಣಬಾರದಲ್ಲ. ಒಂದು ಮೊಬೈಲಿನ ಸುತ್ತ ಏಳೆಂಟು ತಲೆಗಳು, ಭುಜಕ್ಕೆ ಭುಜ, ಉಸಿರಿಗೆ ಉಸಿರು. ಆಟ ನಿಂತಿಲ್ಲ, ಜಾಗ ಬದಲಾಗಿದೆ. ಬಯಲು ಮುಚ್ಚಿದವರು ರೋಗಕ್ಕೆ ಬೇಕಾದ ಕೋಣೆಯನ್ನು ತಾವೇ ತೆರೆದುಕೊಟ್ಟಿದ್ದಾರೆ.

ಇದೇ ಜೂನ್ 8ರಂದು ಕೇಂದ್ರದ ನಿಯಮದ ಪ್ರಕಾರ ಮಾಲ್, ಹೋಟೆಲುಗಳು ತೆರೆಯಬಹುದಾಗಿತ್ತು. ಎಸಿ ಹಾಕಿದ ಮಾಲಿಗೆ ಅನುಮತಿ ಸಿಕ್ಕ ದೇಶದಲ್ಲಿ ಜೀರಹಳ್ಳಿಯ ಬಯಲಿಗೆ ಸಿಗಲಿಲ್ಲ. ಆಟದ ಮೈದಾನ ಮತ್ತು ಉದ್ಯಾನಗಳಿಗೆ ತಮಿಳುನಾಡು ಅನುಮತಿ ಕೊಟ್ಟದ್ದು ಸೆಪ್ಟೆಂಬರ್ 1ರಂದು, ಅದೂ ಪ್ರೇಕ್ಷಕರಿಲ್ಲದೆ ಎಂಬ ಷರತ್ತಿನಲ್ಲಿ. ಮೃಗಾಲಯಗಳು ತೆರೆದದ್ದು ನವೆಂಬರ್‌ನಲ್ಲಿ.

ಬೆಂಗಳೂರಿನಲ್ಲಿ ಇನ್ನೊಂದು ಬಗೆ. ಮೇ 19ರಂದು ಲಾಲ್‌ಬಾಗ್, ಕಬ್ಬನ್ ಪಾರ್ಕ್ ತೆರೆದರು. ಬೆಳಿಗ್ಗೆ ಏಳರಿಂದ ಒಂಬತ್ತು, ಸಂಜೆ ಐದರಿಂದ ಏಳು. ಮೊದಲು ತೆರೆದದ್ದು ಸರಿ, ವೇಳೆ ಕತ್ತರಿಸಿದ್ದು ತಪ್ಪು. 240 ಎಕರೆಯ ಲಾಲ್‌ಬಾಗಿನಲ್ಲಿ ದಿನವಿಡೀ ಚದುರಿ ನಡೆಯಬಹುದಾದವರನ್ನು ನಾಲ್ಕು ಗಂಟೆಯೊಳಗೆ ತುಂಬಿದಂತಾಯಿತು. ಅದೇ ವೇಳಾಪಟ್ಟಿಯನ್ನು ಜೀರಹಳ್ಳಿಗೆ ತಂದರೆ ಇನ್ನೂ ಫಜೀತಿ. ಸಂಜೆ ಏಳಕ್ಕೆ ಇಲ್ಲಿ ಯಾರೂ ಬಯಲಿನಲ್ಲಿರುವುದಿಲ್ಲ. ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದ ಆನೆಗಳು ಜೋಳದ ಹೊಲಕ್ಕೆ ಇಳಿಯುವ ಹೊತ್ತು ಅದು, ರೈತರು ಕಾವಲಿಗೆ ಹೊರಡುವ ಹೊತ್ತು. ಬೆಟ್ಟದ ಊರಿನ ಗಡಿಯಾರ ನೋಡದೆ ಬರೆದ ಆದೇಶ ಬೆಟ್ಟದಲ್ಲಿ ನಡೆಯುವುದಿಲ್ಲ.

ಆ ದಿನಗಳಲ್ಲಿ ಎಲ್ಲರ ಕಣ್ಣು ಕೈಯ ಮೇಲಿತ್ತು. ಬೆಂಚು ಮುಟ್ಟಬೇಡಿ, ಕಂಬಿ ಹಿಡಿಯಬೇಡಿ, ಉಯ್ಯಾಲೆಗೆ ಹಗ್ಗ ಕಟ್ಟಿ. 2020ರ ಜುಲೈನಲ್ಲಿ 239 ವಿಜ್ಞಾನಿಗಳು ಪತ್ರ ಬರೆದು, ಸೋಂಕು ಗಾಳಿಯಲ್ಲೂ ಹರಡುತ್ತದೆ, ಅದನ್ನು ಒಪ್ಪಿಕೊಳ್ಳಿ ಎಂದರು. 2021ರ ಏಪ್ರಿಲ್ ಹೊತ್ತಿಗೆ ಅಮೆರಿಕದ ರೋಗ ನಿಯಂತ್ರಣ ಕೇಂದ್ರವು, ಸೋಂಕಿರುವ ಮೇಲ್ಮೈಯನ್ನು ಒಮ್ಮೆ ಮುಟ್ಟಿದರೆ ಸೋಂಕು ತಗಲುವ ಸಾಧ್ಯತೆ ಸಾಮಾನ್ಯವಾಗಿ ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆ ಎಂದು ಹೇಳಿತು. ಕಟ್ಟೆಗೆ ಔಷಧಿ ಹೊಡೆಯುವ ಹಣದಲ್ಲಿ ಮಾಸ್ಕ್ ಹಂಚಬಹುದಿತ್ತು. ಈಜುಕೊಳದ ಲೆಕ್ಕವೂ ಹೀಗೇ: ಕ್ಲೋರಿನ್ ಸರಿಯಾಗಿರುವ ನೀರಿಗಿಂತ ಪಕ್ಕದ ಬಟ್ಟೆ ಬದಲಿಸುವ ಕೋಣೆಗೇ ಹೆಚ್ಚು ಹೆದರಬೇಕು.

ಹಾಗೆಂದು ಬಯಲೆಂಬ ಒಂದೇ ಕಾರಣಕ್ಕೆ ಕಣ್ಣುಮುಚ್ಚಿ ತೆರೆಯಬೇಕೆಂದಲ್ಲ. ಎರಡನೇ ಅಲೆಯಲ್ಲಿ, 2021ರ ಜೂನ್‌ನಲ್ಲಿ, ಚೆನ್ನೈ ಬಳಿಯ ವಂಡಲೂರು ಮೃಗಾಲಯದ ಒಂಬತ್ತು ಸಿಂಹಗಳಲ್ಲಿ ಸೋಂಕು ಕಂಡಿತು. ನೀಲಾ ಎಂಬ ಸಿಂಹಿಣಿ ಸತ್ತಿತು. ಅದೇ ತಿಂಗಳ 14ರಿಂದ ಕರ್ನಾಟಕ 19 ಜಿಲ್ಲೆಗಳಲ್ಲಿ ಉದ್ಯಾನ ತೆರೆದು, ಪಾಸಿಟಿವಿಟಿ ಹೆಚ್ಚಿದ್ದ ಮೈಸೂರು, ಚಾಮರಾಜನಗರ ಸೇರಿ 11 ಜಿಲ್ಲೆಗಳಲ್ಲಿ ಬಿಗಿ ಸಡಿಲಿಸಲಿಲ್ಲ. ಜಿಲ್ಲೆಯ ಸೋಂಕು ನೋಡಿ ತೀರ್ಮಾನಿಸುವ ಕ್ರಮ ಒಳ್ಳೆಯದು. ಅದರ ಜೊತೆಗೆ ಜಾಗವನ್ನೂ ನೋಡಿ ತೀರ್ಮಾನಿಸಬೇಕಿತ್ತು.

ಇನ್ನೊಂದು ಸಾಂಕ್ರಾಮಿಕ ಬಂದೀತು. ಆಗ ಆದೇಶ ಬರೆಯುವ ಅಧಿಕಾರಿಗಳಲ್ಲಿ, ಗಡಿಯ ಎರಡೂ ಕಡೆಯ ಪಂಚಾಯಿತಿಗಳಲ್ಲಿ ಕೇಳುವುದಿಷ್ಟೆ. ಬಯಲು, ಪಾರ್ಕು, ಕೆರೆಯ ಏರಿಗಳನ್ನು ಕೊನೆಯಲ್ಲಿ ಮುಚ್ಚಿ, ಮೊದಲು ತೆರೆಯಿರಿ. ವೇಳೆ ಹೆಚ್ಚಿಸಿ, ಗೇಟು ಹೆಚ್ಚಿಸಿ, ಜನ ಒತ್ತಾಗುವ ಕಡೆ ಮಾತ್ರ ಕಾವಲು ಹಾಕಿ. ಹುಡುಗರು ಆಡಿಯೇ ಆಡುತ್ತಾರೆ; ಗಾಳಿಯಾಡುವ ಕಡೆ ಆಡಲಿ.