ಮಲ್ಪೆಯ ಕಲ್ಲುಕಂಬಗಳ ದ್ವೀಪ

ಗಾಜನೂರಿನವರಾದ ನಮಗೆ ನೀರೆಂದರೆ ತುಂಗೆಯೇ. ಅಣೆಕಟ್ಟಿನ ಹಿಂದೆ ಹರಡಿ ನಿಂತ ಜಲರಾಶಿಯೂ, ಸಮೀಪದ ಸಕ್ರೆಬೈಲಿನಲ್ಲಿ ಹೊಳೆಗಿಳಿದು ಮೀಯುವ ಆನೆಗಳೂ ನಮ್ಮ ಕಣ್ಣಿಗೆ ನಿತ್ಯದ ನೋಟಗಳು. ಆದರೆ ಈ ತುಂಗೆಯು ಪಶ್ಚಿಮ ಸಮುದ್ರಕ್ಕೆ ಅಷ್ಟು ಹತ್ತಿರದಲ್ಲಿ ಹುಟ್ಟಿಯೂ ಅದಕ್ಕೆ ಬೆನ್ನುಮಾಡಿ, ಭದ್ರೆಯೊಡನೆ ಕೂಡಿ, ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿಗೆ ಸಾಗುವಳು. ಅವಳು ನೋಡದೆ ಬಿಟ್ಟ ಕಡಲನ್ನು ನಾವಾದರೂ ನೋಡೋಣವೆಂದು ಕಳೆದ ಮಾಘಮಾಸದಲ್ಲಿ ಮನೆಮಂದಿಯೆಲ್ಲ ಹೊರಟೆವು.

ಮಂಡಗದ್ದೆ, ತೀರ್ಥಹಳ್ಳಿಗಳನ್ನು ದಾಟಿ, ಆಗುಂಬೆಯ ಘಟ್ಟದ ೧೪ ತಿರುವುಗಳನ್ನಿಳಿದು, ಹೆಬ್ರಿಯ ಮಾರ್ಗವಾಗಿ ಉಡುಪಿಯನ್ನು ಸೇರಿದೆವು. ಶ್ರೀಕೃಷ್ಣನ ದರ್ಶನವಾಯಿತು. ಮರುದಿನ ಬೆಳಿಗ್ಗೆ ಮಲ್ಪೆಯಲ್ಲಿ ಯಂತ್ರದ ದೋಣಿಯನ್ನೇರಿದೆವು. ಮಳೆಗಾಲದಲ್ಲಿ ಕಡಲು ಮುನಿದಿರುವುದರಿಂದ ಈ ದೋಣಿಗಳು ಹೋಗವು; ಆದುದರಿಂದ ಚಳಿಗಾಲವೇ ಈ ಯಾತ್ರೆಗೆ ಯೋಗ್ಯವಾದ ಕಾಲ.

ದಡದಿಂದ ಸುಮಾರು ೬ ಕಿಲೋಮೀಟರು ದೂರದಲ್ಲಿರುವ ಈ ದ್ವೀಪಗಳನ್ನು ಊರವರು ತೋನ್ಸೆ ಪಾರೆಂದೂ ಹೊರಗಿನವರು ಸೈಂಟ್ ಮೇರಿ ದ್ವೀಪಗಳೆಂದೂ ಕರೆಯುವರು. ಮುಖ್ಯವಾದವು ನಾಲ್ಕು; ಅವುಗಳಲ್ಲಿ ತೆಂಗಿನ ಮರಗಳಿರುವ ದ್ವೀಪದಲ್ಲಿ ನಾವು ಇಳಿದೆವು. ಇಳಿದೊಡನೆಯೇ ಎಲ್ಲರೂ ಮೂಕರಾದೆವು. ಐದು, ಆರು, ಏಳು ಮೂಲೆಗಳುಳ್ಳ ಕಲ್ಲಿನ ಕಂಬಗಳು ಒಂದಕ್ಕೊಂದು ಒತ್ತಿ, ಜೇನುಹುಟ್ಟಿನ ಕಣ್ಣುಗಳಂತೆ ಅಣಿಯಾಗಿ ನಿಂತಿದ್ದವು. ಕೆಲವು ಮೂರಾಳೆತ್ತರವಿದ್ದವು. ಯಾವ ಶಿಲ್ಪಿಯ ಉಳಿಯೂ ಇವನ್ನು ಮುಟ್ಟಿದುದಲ್ಲ.

ಇದರ ಮರ್ಮವನ್ನು ಗೃಹಿಣಿಯರು ಸುಲಭವಾಗಿ ತಿಳಿಯಬಹುದು. ಬೇಸಗೆಯಲ್ಲಿ ಕೆರೆ ಬತ್ತಿದಾಗ ಅದರ ಕೆಸರು ಸಂಕೋಚಗೊಂಡು ಮೂಲೆಮೂಲೆಯಾಗಿ ಬಿರಿಯುವುದಷ್ಟೆ? ಹಾಗೆಯೇ ಭೂಗರ್ಭದಿಂದ ಉಕ್ಕಿದ ಬೆಂಕಿಯ ಕಲ್ಲುಹೊಳೆಯು ಆರುತ್ತ ಕುಗ್ಗಿ ಬಿರಿಯಿತು. ಬಿರುಕು ಮೇಲಿನಿಂದ ಆಳಕ್ಕಿಳಿದಂತೆಲ್ಲ ಕಂಬಗಳಾದವು. ಇದು ನಡೆದುದು ಸುಮಾರು ೮.೫ರಿಂದ ೯ ಕೋಟಿ ವರ್ಷಗಳ ಹಿಂದೆ, ಒಂದಾಗಿದ್ದ ಭಾರತವೂ ಮಡಗಾಸ್ಕರವೂ ಅಗಲಿದ ಕಾಲದಲ್ಲಿ. ಮಡಗಾಸ್ಕರದಲ್ಲಿಯೂ ಇದೇ ಕಾಲದ ಅಗ್ನಿಶಿಲೆಗಳುಂಟು. ಎರಡು ನೆಲಗಳು ಬೇರೆಯಾದುದರ ಗುರುತಿನ ಮೇಲೆ ನಾವು ಬುತ್ತಿ ಬಿಚ್ಚಿ ಕುಳಿತಿದ್ದೆವು!

ಮನುಷ್ಯನ ಚರಿತ್ರೆ ಇದರ ಮುಂದೆ ನಿನ್ನೆಯ ಮಾತು. ೧೪೯೮ರಲ್ಲಿ ಕಲ್ಲಿಕೋಟೆಯಿಂದ ಮರಳುತ್ತಿದ್ದ ವಾಸ್ಕೋ ಡ ಗಾಮನು ಇಲ್ಲಿ ಸಂತ ಮೇರಿಯ ಹೆಸರಿನ ಸ್ತಂಭವನ್ನು ನಿಲ್ಲಿಸಿದನೆಂದೂ, ದ್ವೀಪಗಳ ಹೆಸರು ಅದರಿಂದಲೇ ಬಂದಿತೆಂದೂ ಪ್ರತೀತಿ. ಪಕ್ಕದ ದರಿಯಾ ಬಹಾದುರಗಡವೆಂಬ ದ್ವೀಪದ ಕೋಟೆಯನ್ನು ಬಿದನೂರಿನ ಬಸವಪ್ಪ ನಾಯಕನು ಕಟ್ಟಿಸಿದನೆಂದು ಹೇಳುವರು. ನಮ್ಮ ಮಲೆನಾಡಿನ ಅರಸನೊಬ್ಬನು ಘಟ್ಟವಿಳಿದು ಕಡಲನ್ನೂ ಕಾದಿದ್ದನೆಂದು ಕೇಳಿ ನಮಗೆ ಹೆಮ್ಮೆಯಾಯಿತು.

ಇಂದು ಇಲ್ಲಿ ಮನುಷ್ಯರ ಮನೆಗಳಿಲ್ಲ. ಬಿಳಿಯ ಕಡಲಹಕ್ಕಿಗಳು ಅಲೆಗಳ ಮೇಲೆ ತೇಲುತ್ತಿದ್ದವು. ಗರುಡವೊಂದು ತಲೆಯ ಮೇಲೆ ಸುತ್ತುತ್ತಿದ್ದಿತು. ಕಾಲಿನ ಸಪ್ಪಳಕ್ಕೆ ಏಡಿಗಳು ಬಂಡೆಯ ಸಂದಿಗೆ ಓಡುತ್ತಿದ್ದವು. ತೀರದಲ್ಲೊಂದೆಡೆ ಮರಳಿಗೆ ಬದಲಾಗಿ ಚಿಪ್ಪುಗಳೇ ಹಾಸಿದ್ದವು. ನಡುವೆ ಯಾರೋ ಬಿಸುಟ ಒಡೆದ ಸೀಸೆಯ ಚೂರುಗಳೂ ಕಂಡವು. ಅದೊಂದೇ ಮನಸ್ಸನ್ನು ನೋಯಿಸಿತು.

ಹೊರಡುವಾಗ ನಮ್ಮ ಚಿಕ್ಕ ಹುಡುಗನ ಜೇಬು ಭಾರವಾಗಿದ್ದಿತು. ನೋಡಿದರೆ ಚಿಪ್ಪುಗಳೊಡನೆ ಕಂಬದಿಂದುದುರಿದ ಕಲ್ಲಿನದೊಂದು ಚಕ್ಕೆ! “ಒಂದೇ ಅಲ್ಲವೇ ಅಜ್ಜಿ?” ಎಂದನು. ನಮ್ಮ ತಾಯಿಯವರು ಗದರಿಸಲಿಲ್ಲ. “ದೋಣಿಯಲ್ಲಿರುವವರೆಲ್ಲ ಒಂದೊಂದೇ ಒಯ್ದರೆ ನಿನ್ನ ಮಗನಿಗೆ ಏನು ಉಳಿದೀತು, ಮಗು?” ಎಂದರು. ಹುಡುಗನು ಸ್ವಲ್ಪ ಹೊತ್ತು ಸುಮ್ಮನಿದ್ದು, ಕಣ್ಣು ತುಂಬಿಕೊಂಡೇ ಓಡಿಹೋಗಿ ಅದನ್ನು ಇದ್ದಲ್ಲಿಯೇ ಇಟ್ಟು ಬಂದನು.

ಊರಿಗೆ ಮರಳಿದ ಮೇಲೆ ತಿಳಿದವರೊಬ್ಬರು ಹೇಳಿದ ಮಾತು ನನ್ನನ್ನು ಬೆರಗುಗೊಳಿಸಿತು. ನಮ್ಮ ಶಿವಮೊಗ್ಗೆಯ ಸೀಮೆಯ ಬಂಡೆಗಳು ೨೫೦ ಕೋಟಿ ವರ್ಷಗಳಿಗೂ ಹಿಂದಿನವಂತೆ. ಕಡಲಿನ ಆ ಕಂಬಗಳು ಇವುಗಳೆದುರು ಎಳೆಯ ಕೂಸುಗಳು! ಹುಡುಗನು ಈಗ ತುಂಗೆಯ ದಡದ ಕಲ್ಲನ್ನು ಎತ್ತಿ ನೋಡುವನು. ನೋಡಿ, ಅಲ್ಲಿಯೇ ಇಡುವನು.